ನರಿಕೊಂಬಿನ ಮನೆಗೆ ಎರಡಿಂಚು ಗ್ಯಾಪ್

2002ರಲ್ಲಿ ನಾನು ಮೂಡುಬಿದಿರೆಯಲ್ಲಿ ಸ್ಟ್ರಕ್ಚರಲ್ ಇಂಜಿನಿಯರ್. ಗುಜರಾತಿನ ಭೂಕಂಪ ಕಳೆದು ವರ್ಷವಾಗಿತ್ತು. ನಮ್ಮ ಕರಾವಳಿಯಲ್ಲೂ ಭೂಮಿ ನಡುಗೀತು ಎಂದರೆ ಜನ ನಗುತ್ತಿದ್ದರು. ನಗಲಿ, ನಾನಂತೂ ಪ್ರತಿ ನಕ್ಷೆಯ ಲೆಕ್ಕವನ್ನೂ ಎರಡೆರಡು ಸಲ ಹಾಕುತ್ತಿದ್ದೆ.

ಆಗ ಬಂದದ್ದು ನರಿಕೊಂಬಿನ ಹಮೀದ್ ಮತ್ತು ಅಶ್ರಫ್ ಸಹೋದರರು ಕಟ್ಟಿಸಲಿದ್ದ ಮೂರು ಮಹಡಿಯ ಮನೆಯ ನಕ್ಷೆ. ಅಣ್ಣನಿಗೆ ಬಂಟ್ವಾಳದಲ್ಲಿ ಬಟ್ಟೆ ಅಂಗಡಿ, ತಮ್ಮನಿಗೆ ದುಬೈಯಲ್ಲಿ ಕೆಲಸ. ಇಬ್ಬರಿಗೂ ಒಂದೊಂದು ಭಾಗ, ನಡುವೆ ಎರಡನ್ನೂ ಸೇರಿಸುವ, ಒಂದು ಕೋಣೆಯಷ್ಟೇ ಅಗಲದ ಕಿರಿದಾದ ಜೋಡಣೆ. ಮೇಲಿನಿಂದ ನೋಡಿದರೆ ಇಂಗ್ಲಿಷಿನ ಎಚ್ ಅಕ್ಷರ.

ಭೂಕಂಪದ ಲೆಕ್ಕದಲ್ಲಿ ಸಾಮಾನ್ಯವಾಗಿ ಪ್ರತಿ ಮಹಡಿಯ ಸ್ಲ್ಯಾಬನ್ನು ಬಗ್ಗದ ಹಲಗೆಯೆಂದು ಭಾವಿಸುತ್ತೇವೆ. ಇದಕ್ಕೆ ರಿಜಿಡ್ ಡಯಾಫ್ರಮ್ ಎನ್ನುತ್ತಾರೆ. ಆಗ ಕಟ್ಟಡವಿಡೀ ಒಟ್ಟಿಗೆ ಓಲಾಡುತ್ತದೆ. ಹಾಗೆ ಲೆಕ್ಕ ಹಾಕಿದಾಗ ಮನೆ ಪಾಸಾಯಿತು. ಮನಸ್ಸು ಒಪ್ಪಲಿಲ್ಲ. ಸ್ಲ್ಯಾಬು ಬಗ್ಗುತ್ತದೆಂದು ಹಿಡಿದು ಮತ್ತೆ ಹಾಕಿದೆ. ಎರಡು ಭಾಗಗಳೂ ತಮ್ಮ ಪಾಡಿಗೆ ಓಲಾಡಿ, ನಡುವಿನ ಜೋಡಣೆ ಹರಿದುಹೋಗುತ್ತಿತ್ತು.

ಸುಲಭದ ಪರಿಹಾರವೆಂದರೆ ನಡುವೆ ಎರಡಿಂಚು ಗ್ಯಾಪ್ ಬಿಟ್ಟು ಎರಡು ಪ್ರತ್ಯೇಕ ಕಟ್ಟಡ ಮಾಡುವುದು. ರಜೆಯಲ್ಲಿ ಬಂದಿದ್ದ ಅಶ್ರಫ್ ಕೇಳಿದ್ದೇ ತಡ ಒಪ್ಪಿದ. "ಹಾಗೇ ಮಾಡುವ ಸರ್. ಉಮ್ಮನಿಗೆ ನೀವೇ ಹೇಳಿ. ನಾವು ಹೇಳಿದ್ರೆ ಪಾಲು ಕೇಳಿದ ಹಾಗೆ ಆಗ್ತದೆ." ಹಮೀದ್ ಬೇಡವೆನ್ನಲಿಲ್ಲ. ಭೂಕಂಪದ ಹೆಸರಿನಲ್ಲಿ ನನ್ನ ಬಾಯಿಂದ ಮನೆ ಒಡೆಸುವ ಉಪಾಯವಿದು ಎಂದು ಮೈ ಉರಿಯಿತು. ಆದರೆ ಲೆಕ್ಕ ಸುಳ್ಳಲ್ಲವಲ್ಲ.

ನರಿಕೊಂಬಿಗೆ ಹೋದೆ. ತಾಯಿ ಬೀಫಾತುಮ್ಮ ನಕ್ಷೆಯ ಮುಂದೆ ಕೂತು ಎಲ್ಲ ಕೇಳಿಸಿಕೊಂಡರು. "ಇದು ನಿಮ್ಮ ಲೆಕ್ಕವಾ, ಇವರು ಹೇಳಿಸಿದ್ದಾ?"

"ನನ್ನದೇ, ಉಮ್ಮ. ಈಗ ಇದ್ದ ಹಾಗೆ ಕಟ್ಟಿದ್ರೆ ಅಪಾಯ ಉಂಟು."

"ಮಕ್ಕಳಿಗೆ ಅಪಾಯ ಅಂತಾದ್ರೆ ಗ್ಯಾಪ್ ಬಿಡಿ." ನಕ್ಷೆಯ ನಡುವೆ ಬೆರಳಿಟ್ಟರು. "ಮತ್ತೆ ನಾನು ಯಾವ ಬದಿಯಲ್ಲಿ ಇರುವುದು?"

ನಕ್ಷೆಯಲ್ಲಿ ಅವರ ಕೋಣೆ ಇದ್ದದ್ದು ಗ್ಯಾಪ್ ಬರಬೇಕಾದ ಆ ನಡುವಿನ ಜೋಡಣೆಯಲ್ಲೇ. ನಾನು ಮಕ್ಕಳ ಮುಖ ನೋಡಿದೆ. ಒಬ್ಬನೂ "ನನ್ನ ಬದಿ" ಎನ್ನಲಿಲ್ಲ.

ನನಗೆ ಕೂತಲ್ಲಿ ಕೂರಲಾಗಲಿಲ್ಲ. ಮೂಡುಬಿದಿರೆಗೆ ಮರಳಿದವನೇ ಜೋಡಣೆಯನ್ನು ಅಗಲಿಸಿ, ಎರಡೂ ಕಡೆ ಕಾಂಕ್ರೀಟ್ ಗೋಡೆ ಕೊಟ್ಟು, ಒಂದೇ ಮನೆಯಾಗಿ ನಿಲ್ಲುವ ಇನ್ನೊಂದು ಡಿಸೈನ್ ಮಾಡಿದೆ. ಬಗ್ಗುವ ಸ್ಲ್ಯಾಬಿನ ಲೆಕ್ಕದಲ್ಲೂ ಅದು ಪಾಸಾಯಿತು. ಅಣ್ಣತಮ್ಮಂದಿರಿಗೆ ತೋರಿಸಿದೆ.

"ಅದೆಲ್ಲ ಬೇಡ ಸರ್," ಎಂದ ಹಮೀದ್. "ಉಮ್ಮ ಒಪ್ಪಿ ಆಯ್ತಲ್ಲ, ಗ್ಯಾಪೇ ಇರಲಿ."

ಗ್ಯಾಪೇ ಬಂತು. ಉಮ್ಮ ಒಂದು ತಿಂಗಳು ಆ ಕಡೆ, ಒಂದು ತಿಂಗಳು ಈ ಕಡೆ.

ಗಟ್ಟಿಯೆಂದು ಭಾವಿಸಿದ್ದನ್ನೂ ಪರೀಕ್ಷಿಸಿ ನೋಡಬೇಕೆಂದು ವೃತ್ತಿ ಕಲಿಸಿತು. ಪರೀಕ್ಷಿಸಿದ ಮೇಲೆ ನೆಮ್ಮದಿ ಸಿಗುತ್ತದೆಂದು ಮಾತ್ರ ಅದು ಯಾವತ್ತೂ ಹೇಳಲಿಲ್ಲ.