ಅತ್ತೆಯ ಗುಳಿಗೆಗೆ ಬಿದ್ದ ವಾರಬಂದಿ

ಹೋದ ವರ್ಷ ಭತ್ತದ ನಾಟಿ ಮುಗಿದ ಸಮಯ. ಸಿಂಧನೂರಿನಲ್ಲಿ ಮೊಬೈಲ್ ರಿಪೇರಿ ಮಾಡುವ ನನಗೆ ಇನ್ನೊಂದು ಕಸುಬಿದೆ: ಯಾರ ದನಿಯನ್ನಾದರೂ ಅನುಕರಿಸಿ ಅವರೆದುರಿಗೇ ಅಣಕಿಸುವುದು. ಇವನ ಸ್ವಂತ ದನಿ ಯಾವುದೆಂದು ಇವನಿಗೇ ಗೊತ್ತಿಲ್ಲ ಎಂದು ಗೆಳೆಯರು ಆಡಿಕೊಳ್ಳುತ್ತಾರೆ. ಅದೂ ನಿಜವೇ.

ಬಳಗಾನೂರಿನ ನನ್ನ ಸೋದರತ್ತೆ ಗಂಗಮ್ಮನ ಹೃದಯ ದುರ್ಬಲ. ದಿನವೂ ತಪ್ಪದೆ ನುಂಗಬೇಕಾದ ದುಬಾರಿ ಗುಳಿಗೆಯನ್ನು ತಿಂಗಳಿಗೊಮ್ಮೆ ನಾನೇ ನನ್ನ ದುಡ್ಡಿನಲ್ಲಿ ಕೊಂಡು ಒಯ್ದು ಕೊಡುತ್ತಿದ್ದೆ.

"ಇದು ಸೋವಿ ಯಾವಾಗ ಆಗತೈತೋ?" ಎಂದು ಒಮ್ಮೆ ಕೇಳಿದಳು.

ನಾನು ಟಿವಿ ವಾರ್ತೆಯವನ ಗಂಟಲು ಮಾಡಿ, "ಪೇಟೆಂಟ್ ಅಂದರೆ ಇಪ್ಪತ್ತು ವರ್ಷ ಒಂದೇ ಕಂಪನಿಯ ಹಕ್ಕು! ಗುಳಿಗೆ ಅಂಗಡಿಗೆ ಬಂದು ಒಂಬತ್ತು ವರ್ಷ! ಇನ್ನೂ ಹನ್ನೊಂದು ವರ್ಷ ಕಾಯಿರಿ ವೀಕ್ಷಕರೇ!" ಎಂದೆ. ಅತ್ತೆ ನಕ್ಕಳು. ಗೆದ್ದೆ ಅಂದುಕೊಂಡೆ.

ಮುಂದಿನ ತಿಂಗಳು ಹೋದಾಗ ಅವಳ ಪಾದಗಳು ಬಾತಿದ್ದವು. ಎರಡು ಮಾತಿಗೆ ಉಸಿರು ಕಟ್ಟುತ್ತಿತ್ತು. ಡಬ್ಬಿ ತೆಗೆದು ನೋಡಿದರೆ ಅರ್ಧದಷ್ಟು ಗುಳಿಗೆಗಳು ಹಾಗೇ ಇವೆ.

"ಯಾಕಬೇ ಅತ್ತಿ?"

"ವಾರಬಂದಿ ಹಚ್ಚೀನೋ. ದಿನ ಬಿಟ್ಟು ದಿನ. ಹನ್ನೊಂದು ವರ್ಷ ನೀನ ತರಬೇಕಲ್ಲ, ಪಾಪ. ನಿನಗೂ ಲಗ್ನ ಗಿಗ್ನ ಆಗಬೇಕು."

ಕಾಲುವೆ ನೀರನ್ನು ಸರದಿಯ ಮೇಲೆ ಹೊಲಕ್ಕೆ ಬಿಡುವ ವಾರಬಂದಿಯನ್ನು, ನನ್ನ ತಮಾಷೆ ನಂಬಿ, ಅತ್ತೆ ತನ್ನ ಎದೆಗೂ ಹಚ್ಚಿದ್ದಳು.

ಅವತ್ತೇ ಸಿಂಧನೂರಿಗೆ ಕರೆತಂದೆ. ಡಾಕ್ಟರು ಇಬ್ಬರಿಗೂ ಬೈದು ಔಷಧಿ ಬರೆದರು. ಮೆಡಿಕಲ್ ಅಂಗಡಿಯ ವೀರೇಶಣ್ಣ ಎಲ್ಲ ಕೇಳಿ ಹಣೆ ಬಡಿದುಕೊಂಡ.

"ಲೇ ಮಿಮಿಕ್ರಿ, ಇಪ್ಪತ್ತು ವರ್ಷ ಎಣಿಸೋದು ಕಂಪನಿ ಅರ್ಜಿ ಹಾಕಿದ ದಿನದಿಂದಲೇ, ಅಂಗಡಿಗೆ ಬಂದ ದಿನದಿಂದ ಅಲ್ಲ. ಪರೀಕ್ಷೆ, ಪರವಾನಗಿ ಅಂತ ಹತ್ತು ವರ್ಷ ಮೊದಲ ಹೋಗ್ಯಾವ. ನಾ ವಿಚಾರಿಸೀನಿ, ಈ ಗುಳಿಗಿ ಪೇಟೆಂಟ್ ಬರೋ ವರ್ಷ ಮುಗಿತೈತಿ."

ನಾನಿನ್ನೂ ಎಣಿಸುತ್ತಿದ್ದೆ. ಅತ್ತೆ ಆಗಲೇ ತಲೆಯಾಡಿಸಿದಳು.

"ಗೊತ್ತಾತು ಬಿಡಪಾ. ನಮ್ಮ ನೀರಿನ ಪಾಳಿನೂ ತೂಬು ಎತ್ತಿದ ಗಳಿಗಿಯಿಂದನ ಎಣಿಸ್ತಾರ. ಕಡೀ ಹೊಲಕ್ಕ ನೀರು ಮುಟ್ಟೋದರಾಗ ಅರ್ಧಾ ಪಾಳಿ ಹಾದ್ಯಾಗ ಹೋಗಿರತೈತಿ."

"ಮತ್ತ ದಿನಾ ನುಂಗ್ತೀ?" ಎಂದೆ. ದನಿ ನಡುಗಿತು. ಮುಚ್ಚಿಕೊಳ್ಳಲು ಬೇರೆ ಯಾರ ದನಿಯೂ ನೆರವಿಗೆ ಬರಲಿಲ್ಲ.

"ನುಂಗ್ತೀನೋ, ಅಳಬ್ಯಾಡ."

ಈ ವರ್ಷ ಪೇಟೆಂಟ್ ಮುಗಿದು ಅದೇ ಗುಳಿಗೆ ಬೇರೆ ಕಂಪನಿಗಳಿಂದಲೂ ಬಂತು. ಡಾಕ್ಟರನ್ನು ಕೇಳಿಯೇ ಬದಲಿಸಿದೆವು. ಬೆಲೆ ಇಳಿದಿದೆ, ಪಾದದ ಬಾವೂ ಇಳಿದಿದೆ.

ಈಗ ಬೆಳಿಗ್ಗೆ ಅತ್ತೆಯೇ ಫೋನ್ ಮಾಡುತ್ತಾಳೆ. ನನ್ನ ಹಾಗೇ ದನಿ ನಡುಗಿಸಿ, "ಮತ್ತ ದಿನಾ ನುಂಗ್ತೀ?" ಎನ್ನುತ್ತಾಳೆ. ಆಮೇಲೆ ನೀರು ಗುಟುಕರಿಸುವ ಸದ್ದು. ನನ್ನ ಸ್ವಂತ ದನಿ ಹೇಗಿದೆ ಎಂದು ನನಗೆ ಗೊತ್ತಾಗಿದ್ದು ಹೀಗೆ.