ಎರಡು ಹೆಜ್ಜೆ ಹಿಂದೆ ನಿಲ್ಲುವ ರೆಫರಿ

ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಬಾಕ್ಸಿಂಗ್ ಶಾಲೆಯ ತಗಡಿನ ಛಾವಣಿಯ ಕೆಳಗೆ ದಪ್ಪ ಮೀಸೆಯ ಮನುಷ್ಯರೊಬ್ಬರು ಬರಿಗಾಲಿನಲ್ಲಿ ರಿಂಗ್‌ನ ಉದ್ದಗಲಕ್ಕೂ ನಡೆಯುತ್ತಿದ್ದಾರೆ. ಕ್ಯಾನ್ವಾಸ್ ಎಲ್ಲಿ ಸುಕ್ಕಾಗಿದೆ, ಎಲ್ಲಿ ಸಡಿಲಾಗಿದೆ ಎಂದು ಪಾದದಲ್ಲೇ ಹುಡುಕುತ್ತಾರೆ. ಸಿಕ್ಕಲ್ಲಿ ಕುಕ್ಕರುಗಾಲಲ್ಲಿ ಕೂತು ಹಗ್ಗ ಬಿಗಿಯುತ್ತಾರೆ. ಇವತ್ತು ತಂಡದ ಆಯ್ಕೆ. ಗೆದ್ದವರು ದೊಡ್ಡ ಟೂರ್ನಿಗೆ, ಸೋತವರು ಮನೆಗೆ. ಎಡವಿ ಬಿದ್ದು ಯಾರೂ ಸೋಲಬಾರದು ಎಂಬುದು ಇವರ ಹಟ.

ಇವರು ರೆಫರಿ. ಹಗಲೆಲ್ಲ ಬಸ್ ಡಿಪೋದಲ್ಲಿ ಟೈರ್ ಬದಲಿಸುವ ಕೆಲಸ. ಪಂದ್ಯದ ಫೋಟೊಗಳಲ್ಲಿ ಇವರ ಬೆನ್ನಷ್ಟೇ ಬೀಳುತ್ತದೆ. ಹುಡುಗರು ಇಟ್ಟಿರುವ ಹೆಸರು ‘ಸಾಕಪ್ಪ’. ಪೆಟ್ಟು ತಿಂದವರು ಕೊಂಚ ಓಲಾಡಿದರೂ ಇವರು ನಡುವೆ ನುಗ್ಗಿ ‘ಸಾಕು’ ಅಂದುಬಿಡುತ್ತಾರೆ; ಪಂದ್ಯ ಅಲ್ಲಿಗೇ ಮುಗಿದು ಓಲಾಡಿದವರು ಸೋತಂತೆ. ನೋಡಲು ಬಂದವರಿಗೆ ಮೈಯೆಲ್ಲ ಉರಿಯುತ್ತದೆ. ಕೋಚ್‌ಗಳು ದೂರಿನ ಮೇಲೆ ದೂರು ಕೊಟ್ಟಿದ್ದಾರೆ. ಇನ್ನೊಂದು ಬಂದರೆ ರಿಂಗ್ ಹತ್ತುವ ಹಾಗಿಲ್ಲ ಎಂದು ಬಾಕ್ಸಿಂಗ್ ಸಂಘದವರು ಮುಲಾಜಿಲ್ಲದೆ ಹೇಳಿಯಾಗಿದೆ.

“ಊರವರ ಜಗಳ ಎಲ್ಲ ಬಿಡಿಸ್ತಾರೆ. ಮನೇಲಿ ನಾನೂ ನಮ್ಮತ್ತೇನೂ ಶುರು ಹಚ್ಕೊಂಡ್ರೆ ಮಾತ್ರ ಚಪ್ಪಲಿ ಮೆಟ್ಕೊಂಡು ಹೊರಗೆ ಹೋಗ್ತಾರೆ” ಎಂದು ಹೆಂಡತಿ ಕಾಲೆಳೆಯುತ್ತಾರೆ. ಸ್ವಲ್ಪ ಹೊತ್ತಿಗೆ ಅವರ ದನಿ ಇಳಿಯುತ್ತದೆ. “ಮೊದ್ಲು ಹೀಗಿರ್ಲಿಲ್ಲ. ಆ ಹುಡುಗನ ಫೈನಲ್ ಆದ್ಮೇಲೆ ಹೀಗಾದ್ರು.”

ಆ ಫೈನಲ್‌ನಲ್ಲಿ ಹುಡುಗ ಬಿದ್ದು ಎದ್ದ. ನೆಲಕ್ಕೆ ತಾಗಿದ ಗ್ಲೌಸ್‌ಗೆ ಧೂಳು ಮೆತ್ತಿರುತ್ತದೆ, ಎದುರಾಳಿಯ ಕಣ್ಣಿಗೆ ಹೋಗಬಾರದು. ಅದಕ್ಕೇ ರೆಫರಿ ಅದನ್ನು ತನ್ನ ಅಂಗಿಗೆ ಒರೆಸಿ ಆಟ ಮುಂದುವರಿಸುವುದು ವಾಡಿಕೆ. ಇವರೂ ಹುಡುಗನ ಎರಡೂ ಕೈಗಳನ್ನು ಎದೆಗೆ ಒತ್ತಿಕೊಂಡು ಒರೆಸಿದರು. ‘ಆಡ್ತೀಯಾ?’ ಎಂದರು. ‘ಆಡ್ತೀನಿ ಸರ್’ ಎಂದ. ಕಾಲುಗಳು ನೆಟ್ಟಗಿದ್ದವು.

“ನಿಂತಿದ್ದಾನೆ ಅಂದ್ಕೊಂಡೆ. ಅವ್ನೆಲ್ಲಿ ನಿಂತಿದ್ದ? ನನ್ನ ಮೇಲೆ ಭಾರ ಬಿಟ್ಟಿದ್ದ. ನಾನೇ ಅವನನ್ನ ಹಿಡ್ಕೊಂಡು ನಿಲ್ಸಿ, ಸರಿಯಾಗಿದ್ದಾನೆ ಅಂತ ನಾನೇ ತೀರ್ಮಾನ ಮಾಡ್ಬಿಟ್ಟೆ. ಕೈ ಬಿಟ್ಟೆ, ಆಡಿ ಅಂದೆ.” ಮುಂದಿನ ಪೆಟ್ಟಿಗೆ ಹುಡುಗ ಬಿದ್ದ. ಎಚ್ಚರವಾಗಿದ್ದು ಆಸ್ಪತ್ರೆಯಲ್ಲಿ, ಅದೂ ಎಷ್ಟೋ ದಿನಗಳ ಮೇಲೆ.

ಈಗ ಅವನು ಅಕ್ಕನ ಇಸ್ತ್ರಿ ಅಂಗಡಿಯಲ್ಲಿ ಬಟ್ಟೆ ಮಡಚುತ್ತಾನೆ. ಗುಂಡಿ ಹಾಕುವುದು ಬೆರಳಿಗೆ ಒಗ್ಗುವುದಿಲ್ಲ. ಮಾತು ನಾಲಿಗೆಯಲ್ಲೇ ಸಿಕ್ಕಿಕೊಳ್ಳುತ್ತದೆ. ರಜೆ ಸಿಕ್ಕಾಗಲೆಲ್ಲ ರೆಫರಿ ಅಲ್ಲಿಗೆ ಹೋಗಿ ಪಕ್ಕದಲ್ಲಿ ಕೂತು ಗುಂಡಿ ಹಾಕಿಕೊಡುತ್ತಾರೆ. ‘ಅಣ್ಣಾ, ನಿಂದೇನೂ ತಪ್ಪಿಲ್ಲ’ ಎಂಬಷ್ಟು ಮಾತು ಮುಗಿಸುವುದರೊಳಗೆ ಅವನು ಬೆವರುತ್ತಾನೆ. “ಕೇಳೋಕಾಗಲ್ಲ. ಅರ್ಧಕ್ಕೇ ಎದ್ದು ಬಂದ್ಬಿಡೋಣ ಅನ್ಸುತ್ತೆ. ಆದ್ರೆ ಅವ್ನು ಮುಗಿಸೋವರೆಗೂ ಕೂತಿರ್ಬೇಕಲ್ವಾ?”

ಅಂದಿನಿಂದ ಇವರು ಗ್ಲೌಸ್ ಒರೆಸಿದ ಕೂಡಲೇ ಕೈ ಬಿಟ್ಟು ಎರಡು ಹೆಜ್ಜೆ ಹಿಂದೆ ಸರಿದು ‘ಬಾ’ ಎನ್ನುತ್ತಾರೆ. “ಬಾಯಿ ಯಾವಾಗ್ಲೂ ಆಡ್ತೀನಿ ಅಂತ್ಲೇ ಅನ್ನುತ್ತೆ. ಅದನ್ನೇನು ಕೇಳೋದು? ಬರೋ ಕಾಲು ನೋಡ್ಬೇಕು.”

ಬೆಳಗಿನ ಮೂರನೇ ಪಂದ್ಯ. ಎಲ್ಲರೂ ಗುಬ್ಬಿ ಎಂದು ಕರೆಯುವ ಹುಡುಗಿ ಮೊದಲಿನಿಂದಲೂ ಮುಂದಿದ್ದಾಳೆ. ಕೊನೆಯ ಸುತ್ತಿನಲ್ಲಿ ದವಡೆಗೆ ಒಂದು ಪೆಟ್ಟು ಬಿದ್ದು ಕುಸಿಯುತ್ತಾಳೆ, ಪುಟಿದೇಳುತ್ತಾಳೆ. ರೆಫರಿ ಗ್ಲೌಸ್ ಒರೆಸಿ ಹಿಂದೆ ಸರಿಯುತ್ತಾರೆ. “ಬಾ.” ಮೊದಲ ಹೆಜ್ಜೆ ಸರಿಯಾಗಿಯೇ ಬರುತ್ತದೆ. ಎರಡನೆಯದು, ಕತ್ತಲಲ್ಲಿ ಮೆಟ್ಟಿಲು ತಪ್ಪಿದವರ ಹಾಗೆ, ಪಕ್ಕಕ್ಕೆ ಹೋಗುತ್ತದೆ. ಅವರು ಮುಂದೆ ಹಾರಿ ಅವಳನ್ನು ತಬ್ಬಿ ಹಿಡಿಯುತ್ತಾರೆ. “ಸಾಕು!”

ಅವಳ ಕೋಚ್ ನೀರಿನ ಬಕೆಟ್ ಒದ್ದು ನೆಟ್ಟಗೆ ಸಂಘದವರ ಮೇಜಿಗೆ ಹೋಗುತ್ತಾರೆ. ಡಾಕ್ಟರು ಹುಡುಗಿಯ ಕಣ್ಣಿಗೆ ಟಾರ್ಚ್ ಬಿಟ್ಟು ನೋಡಿ, ಗಾಬರಿ ಏನಿಲ್ಲ, ಸುಧಾರಿಸಿಕೊಳ್ಳಲಿ ಎನ್ನುತ್ತಾರೆ. ಮೇಜಿನ ಹತ್ತಿರ ಏನು ನಡೆಯುತ್ತಿದೆ ಎಂದು ರೆಫರಿಗೆ ಯಾರೂ ಹೇಳಬೇಕಾಗಿಲ್ಲ. ಇಷ್ಟು ವರ್ಷ ಪ್ರೀತಿಯಿಂದ ಮಾಡಿದ ಕೆಲಸ ಇವತ್ತಿಗೆ ಮುಗಿಯಬಹುದು. ಹಗ್ಗಕ್ಕೆ ಒರಗಿ ಕರವಸ್ತ್ರದಲ್ಲಿ ಕತ್ತು ಒರೆಸಿಕೊಳ್ಳುತ್ತಾರೆ.

“ನಿಲ್ಲಿಸ್ಬಾರದಿತ್ತೇನೋ. ಗೆದ್ದೂಬಿಡ್ತಿದ್ಲೇನೋ ಪಾಪ. ವರ್ಷಗಟ್ಲೆ ಮೈ ಮುರ್ಕೊಂಡು ಆಡಿರೋ ಮಗು” ಎನ್ನುತ್ತಾರೆ. ಕಣ್ಣು ತುಂಬಿರುತ್ತದೆ.

ಬೆಂಚಿನ ಮೇಲಿನ ಗುಬ್ಬಿ ಸುಮ್ಮನಿರುವ ಪೈಕಿಯಲ್ಲ. “ನಿಮ್ಮ ಕಣ್ಣಿಗೇನು ಮಂಜು ಮುಚ್ಕೊಂಡಿತ್ತಾ? ಗೆಲ್ತಿದ್ದವಳನ್ನ ಮನೆಗೆ ಕಳಿಸಿದ್ರಲ್ಲ, ನಿಮ್ಮ ಕೈ ಸೇದಿಹೋಗ! ಟೈರ್ ಬಿಚ್ಕೊಂಡಿರೋದು ಬಿಟ್ಟು ಇಲ್ಲಿಗ್ಯಾಕೆ ಬರ್ತೀರಿ?” ಎಂದು ಇಡೀ ಹಾಲ್ ಕೇಳುವಂತೆ ಉಗಿಯುತ್ತಿದ್ದಾಳೆ. ತಡೆಯಲು ಹೋದವರನ್ನು ರೆಫರಿಯೇ ಕೈ ಅಡ್ಡ ಹಿಡಿದು ನಿಲ್ಲಿಸುತ್ತಾರೆ.

“ಬೈಲಿ ಬಿಡಿ. ಎಷ್ಟು ಚೆನ್ನಾಗಿ ಬೈತಾಳೆ ನೋಡಿ, ಒಂದಕ್ಷರ ತೊದಲ್ತಿಲ್ಲ.”