ನಾಗಕ್ಕ ಟೀಚರು ‘ಎಸ್’ ಅಂದದ್ದು

ಬಾಗೂರಿನ ಕುರಿ ಕಾಯುವ ಮನೆಯಲ್ಲಿ ಹುಟ್ಟಿದ ನಾಗಕ್ಕ ಟೀಚರ್ ಕೆಲಸಕ್ಕೆ ಸೇರಿದಾಗ ಅವಳ ಕುಲದಲ್ಲಿ ಎಸ್ಸೆಸ್ಸೆಲ್ಸಿ ದಾಟಿದ ಹೆಣ್ಣು ಇನ್ನೊಬ್ಬಳಿರಲಿಲ್ಲ. ಮತ್ತೋಡಿನಾಚೆಯ ಹಳ್ಳಿಯೊಂದರ ಮಿಡ್ಲ್ ಸ್ಕೂಲಿನಲ್ಲಿ ಅವಳದು ಇಂಗ್ಲಿಷ್ ಪಾಠ. ಅದರಲ್ಲೂ ಪ್ರಶ್ನೆ ಮಾಡುವುದನ್ನು ಕಲಿಸುವುದೆಂದರೆ ಅವಳಿಗೆ ಎಲ್ಲಿಲ್ಲದ ಹುರುಪು. ಹಿಂಡಿನ ಮುಂದೆ ಟಗರು ನಡೆದ ಹಾಗೆ ‘ಡಸ್’ ಮುಂದೆ ನಡೆಯಬೇಕು, ಅದರ ಹಿಂದೆ ಕರ್ತೃ, ಆಮೇಲೆ ಬಾಲ ಕತ್ತರಿಸಿಕೊಂಡ ಕ್ರಿಯಾಪದ ಎಂದು ಅವಳು ಹೇಳಿಕೊಟ್ಟರೆ, ಕುರಿ ಮೇಯಿಸಿ ಬಂದ ಮಕ್ಕಳಿಗೂ ಅದು ತಪ್ಪುತ್ತಿರಲಿಲ್ಲ. ಪ್ರಶ್ನೆ ನೆಟ್ಟಗಿದ್ದರೆ ಉತ್ತರ ತಾನಾಗಿ ನೆಟ್ಟಗಾಗುತ್ತದೆ ಎಂದು ಅವಳು ಬಲವಾಗಿ ನಂಬಿದ್ದಳು.

ಎಪ್ಪತ್ತಾರರಲ್ಲಿ, ತುರ್ತು ಪರಿಸ್ಥಿತಿಯ ಕಾಲದಲ್ಲಿ, ಅದೇ ಶಾಲೆಯಲ್ಲಿ ಮಕ್ಕಳಾಗದ ಹಾಗೆ ಮಾಡುವ ಆಪರೇಷನ್ ಕ್ಯಾಂಪು ನಡೆಯಿತು. ಪಾಠಕ್ಕೆ ರಜೆ. ಬೆಂಚುಗಳನ್ನೆಲ್ಲ ಹೊರಗೆ ಒಟ್ಟಿ, ಏಳನೇ ಕ್ಲಾಸಿನ ಕೋಣೆಗೆ ಬಿಳಿ ಪರದೆ ಕಟ್ಟಿದರು. ಬಂದ ಡಾಕ್ಟರು ಹೊರ ರಾಜ್ಯದವರು, ವಿಲಾಯಿತಿಯಲ್ಲಿ ಓದಿದವರು. ಕನ್ನಡದ ಒಂದಕ್ಷರ ಬಾರದು. ನರ್ಸ್ ಕಮಲಮ್ಮನಿಗೆ ಅವರ ಇಂಗ್ಲಿಷ್ ಅರ್ಥವಾಗದು. ಹೆಡ್ಮಾಸ್ಟರ್ ಮುರುಗಪ್ಪ ನಾಗಕ್ಕನನ್ನು ಕರೆದು, ಮಾತು ತಿಳಿಸಿ ಹೇಳುವ ಕೆಲಸ ವಹಿಸಿದರು. ಅವಳಿಗೆ ಹೆಮ್ಮೆಯೇ ಆಯಿತು.

ಮಧ್ಯಾಹ್ನದ ಹೊತ್ತಿಗೆ ಹುಚ್ಚಕ್ಕ ಎಂಬ ಎಳೆ ಪ್ರಾಯದ ಹೆಂಗಸು ಅತ್ತೆಯ ಹೆಗಲು ಹಿಡಿದು ಕುಂಟುತ್ತ ಬಂದಳು. ಜಾಲಿಮುಳ್ಳು ತುಳಿದು ಅಂಗಾಲು ಕೀವಾಗಿತ್ತು. ದೊಡ್ಡ ಡಾಕ್ಟರು ಬಂದಿದ್ದಾರೆಂದು ಕೇಳಿ ಕಾಲು ತೋರಿಸಲು ಬಂದವಳು ಅವಳು. ಅತ್ತೆ ಹೊರಗೆ ಬೇವಿನ ನೆರಳಲ್ಲಿ ಕೂತಳು. ಡಾಕ್ಟರು ಗಾಯ ಕೊಯ್ದು ತೊಳೆದು ಪಟ್ಟಿ ಕಟ್ಟಿದರು. ಬಂದವರನ್ನೆಲ್ಲ ಕೇಳುವಂತೆ ನಾಗಕ್ಕ ಅವಳನ್ನೂ ಕೇಳಿದಳು, ಆಪರೇಷನ್ ಮಾಡಿಸಿಕೊಳ್ಳುತ್ತೀಯಾ ಎಂದು.

“ಬ್ಯಾಡ ಕಣಕ್ಕ. ಹುಟ್ಟಿದ್ದೊಂದು ಕೈಗೆ ದಕ್ಕಲಿಲ್ಲ. ಇನ್ನ ಮ್ಯಾಲೆ ಆಗ್ಬೇಕು.”

ಡಾಕ್ಟರು ಬೆನ್ನು ತಿರುಗಿಸಿ ಕೈ ತೊಳೆಯುತ್ತಿದ್ದರು. ಅಲ್ಲಿಂದಲೇ ಕೇಳಿದರು: “ಡಸಂಟ್ ಶೀ ವಾಂಟ್ ದಿ ಆಪರೇಷನ್?”

ಅವಳಿಗೆ ಆಪರೇಷನ್ ಬೇಡವೇ, ಎಂದು. ಎಷ್ಟು ಚೊಕ್ಕಟವಾದ ಪ್ರಶ್ನೆ ಎಂದುಕೊಂಡಳು ನಾಗಕ್ಕ. ಬೇಡವೇ ಎಂದರೆ, ಹೌದು, ಬೇಡ.

“ಎಸ್ ಸರ್” ಎಂದಳು. ಅಷ್ಟರಲ್ಲಿ ಯಾರೋ ಟೀ ಬಂತೆಂದು ಕರೆದರು. ಅವಳು ಹೊರಗೆ ಹೋದಳು.

ಟೀ ಕುಡಿದು ಜಗುಲಿಯಲ್ಲಿ ನಿಂತಿದ್ದಾಗ ಹುಚ್ಚಕ್ಕನ ಅತ್ತೆ ಎದ್ದು ಬಂದು, ಒಂದು ಮುಳ್ಳಿಗೆ ಇಷ್ಟು ಹೊತ್ತು ಬೇಕೇ ಎಂದು ಕೇಳಿದಳು. ಪಟ್ಟಿ ಕಟ್ಟಿ ಆಗಲೇ ಮುಗಿದಿತ್ತಲ್ಲ ಎನ್ನಲು ಬಾಯಿ ತೆರೆದ ನಾಗಕ್ಕನಿಗೆ, ಹಾಗಾದರೆ ಇನ್ನೂ ಒಳಗೇನು ನಡೆಯುತ್ತಿದೆ ಎಂದು ದಿಗಿಲಾಯಿತು. ಪರದೆ ಸರಿಸಿ ಒಳಗೆ ನುಗ್ಗಿದಳು. ಹುಚ್ಚಕ್ಕ ಮೇಜಿನ ಮೇಲೆ ಮಲಗಿದ್ದಳು. ಕಾಲಿನ ಗಾಯಕ್ಕೇ ಕೊಡುವ ಸೂಜಿ ಎಂದು ನಂಬಿ ಚುಚ್ಚಿಸಿಕೊಂಡು ಅರೆಗಣ್ಣಾಗಿದ್ದಳು. ಡಾಕ್ಟರ ಕೈಯಲ್ಲಿ ಕತ್ತಿ.

“ನೋ ಸರ್! ಶೀ ಡಸ್ ನಾಟ್ ವಾಂಟ್!”

ಡಾಕ್ಟರು ಸಿಡುಕಿದರು. ಕೇಳಿದ್ದೆನಲ್ಲ, ನೀನೇ ಎಸ್ ಅಂದೆಯಲ್ಲ ಎಂದರು.

“ಎಸ್ ಸರ್. ಎಸ್, ಶೀ ಡಸ್ ನಾಟ್ ವಾಂಟ್.”

ಅವರು ಅವಳ ಮುಖವನ್ನೇ ನೋಡುತ್ತ ನಿಂತರು. ಇಂಗ್ಲಿಷಿನಲ್ಲಿ ಬೇಡವೇ ಎಂದು ಕೇಳಿದರೂ ಎಸ್ ಎಂದರೆ ಬೇಕು ಎಂದೇ ಅರ್ಥ; ಈ ಟೀಚರ ಬಾಯಲ್ಲಿ ಅದೇ ಎಸ್‌ಗೆ ಬೇಡ ಎಂದು ಅರ್ಥ. ಅವರಿಗದು ಹೊಳೆಯುತ್ತಿದ್ದಂತೆ ಕತ್ತಿಯನ್ನು ತಟ್ಟೆಯಲ್ಲಿಟ್ಟರು. ಆಮೇಲೆ ಬಹಳ ಮೆಲ್ಲಗೆ ಇನ್ನೊಂದು ಮಾತು ಕೇಳಿದರು: ಬೆಳಗಿನಿಂದ ಇನ್ನೆಷ್ಟು ಜನರ ಪರವಾಗಿ ನೀನು ಹೀಗೆ ಎಸ್ ಅಂದಿದ್ದೀಯ?

ನಾಗಕ್ಕನಿಗೆ ಯಾವ ಪ್ರಶ್ನೆ ಹೇಗಿತ್ತು, ‘ಡಸ್’ ಇತ್ತೋ ‘ಡಸಂಟ್’ ಇತ್ತೋ, ಒಂದೂ ನೆನಪಿಗೆ ಬರಲೊಲ್ಲದು. ಪಕ್ಕದ ಕೋಣೆಯಲ್ಲಿ ಆಪರೇಷನ್ ಮುಗಿದ ಹೆಂಗಸರು ಚಾಪೆಗಳ ಮೇಲೆ ಮಲಗಿದ್ದರು. ಒಬ್ಬೊಬ್ಬರ ಪಕ್ಕದಲ್ಲೂ ಕೂತು, ನಿನ್ನ ಮನಸ್ಸಿನಿಂದಲೇ ಬಂದೆಯಾ ತಾಯಿ ಎಂದು ಕೇಳುತ್ತ ಹೋದಳು. ಹೂಂ ಎಂದವರ ಕೈಯನ್ನೇ ಹಿಡಿದುಕೊಂಡಳು. ಆರು ಹೆತ್ತವಳೊಬ್ಬಳು ನಕ್ಕಳು ಕೂಡ. ಗೋಡೆ ಬದಿಗಿದ್ದ ಚಂದ್ರಕ್ಕ ಮಾತ್ರ ಹೂಂ ಎನ್ನಲಿಲ್ಲ.

“ನಮ್ಮನೇರು ಬಾ ಅಂದ್ರು, ಬಂದೆ” ಎಂದಳು. “ಬೇಕಾ ಬ್ಯಾಡ್ವಾ ಅಂತ ನೀವು ಅವ್ರನ್ನ ಕೇಳಿದ್ರಿ. ನನ್ನನ್ನ ಯಾರು ಕೇಳಿದ್ರಕ್ಕ?”

ಅದು ಹೌದು. ಬಾಗಿಲಲ್ಲಿ ನಿಂತ ಗಂಡನನ್ನೇ ಕೇಳಿ ನಾಗಕ್ಕ ಒಳಗೆ ಹೇಳಿದ್ದಳು. ಅಲ್ಲಿ ಇಂಗ್ಲಿಷಿನ ತಪ್ಪೇನೂ ಇರಲಿಲ್ಲ. ಅವಳು ಚಾಪೆಯ ಅಂಚಿನಲ್ಲಿ ಕಲ್ಲಿನ ಹಾಗೆ ಕೂತುಬಿಟ್ಟಳು. ಡಾಕ್ಟರು ಆ ದಿನ ಮತ್ತೆ ಕತ್ತಿ ಮುಟ್ಟಲಿಲ್ಲ. ಕ್ಯಾಂಪು ಅರ್ಧಕ್ಕೆ ನಿಂತಿತೆಂದು ಮುರುಗಪ್ಪನವರಿಗೆ ಮೇಲಿನವರಿಂದ ಬೈಗುಳ ಬಿತ್ತು.

ಮುಂದಿನ ವಾರ ಅವಳು ಹುಚ್ಚಕ್ಕನ ಹಟ್ಟಿಗೆ ನಡೆದುಹೋದಳು. ಕಾಲಿನ ಗಾಯ ಮಾಗಿತ್ತು, ಹುಚ್ಚಕ್ಕ ರಾಗಿ ಬೀಸುತ್ತಿದ್ದಳು. ಮೇಜಿನ ಮೇಲೆ ಏನಾಗುವುದರಲ್ಲಿತ್ತೆಂಬುದು ಅವಳಿಗೆ ತಿಳಿದೇ ಇರಲಿಲ್ಲ. ನಾಗಕ್ಕ ಒಂದನ್ನೂ ಬಚ್ಚಿಡದೆ ಹೇಳಿದಳು. ಬೀಸುವ ಕೈ ನಿಂತಿತು. ಹುಚ್ಚಕ್ಕ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು, ಎವೆಯಿಕ್ಕದೆ ಅವಳನ್ನೇ ನೋಡಿದಳು. ಬಯ್ಯುತ್ತಾಳೆ, ಎದ್ದು ಹೋಗೆನ್ನುತ್ತಾಳೆ ಎಂದು ನಾಗಕ್ಕ ಕಾದಳು.

“ನಮ್ ಮಾತು ನಾವೇ ಆಡ್ಬೇಕು” ಎಂದಳು ಹುಚ್ಚಕ್ಕ. “ಬ್ಯಾಡ ಅಂಬೋದಕ್ಕೆ ಇಂಗ್ಲಿಷ್ನಾಗೆ ಏನಂತಾರೆ, ಹೇಳ್ಕೊಡು.”

ನಾಗಕ್ಕ ಹೇಳಿಕೊಟ್ಟಳು. ಹುಚ್ಚಕ್ಕ ನಾಲಿಗೆ ತಿರುಗುವವರೆಗೂ ಹೇಳಿ ನೋಡಿದಳು: “ಐ ಡೋಂಟ್ ವಾಂಟ್.” ಆಮೇಲೆ ಅತ್ತೆಯನ್ನೂ ಕೂಗಿ ಕರೆದಳು, ಅವಳೂ ಕಲಿತುಕೊಳ್ಳಲಿ ಎಂದು.